ಕಿಡಿ ಹುಟ್ಟುವ ಮುನ್ನ



ನಮ್ಮ ಕನ್ನಡ ಶಾಲೆಯ ಪದವಿ ಪ್ರದಾನದ ಸಂಚಿಕೆಗೆ ಒಂದು ಚರಿತ್ರೆಯ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕದಂಬರ ಬಗ್ಗೆಯೋ ಹೊಯ್ಸಳರ ಬಗ್ಗೆಯೋ ಬರೆಯುತ್ತೇನೆ ಎಂದು ಅವರು ಅಂದುಕೊಂಡಿದ್ದರು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿದ್ದಾರೆ. ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ವಾರದ ಐದು ದಿನ ಹೈವೋಲ್ಟೇಜ್ ಸ್ವಿಚ್‌ಗಳ ನಡುವೆ ಇರುತ್ತೇನೆ, ಶನಿವಾರ ಬೆಳಿಗ್ಗೆ ನಿಮ್ಮ ದೊಡ್ಡ ಮಕ್ಕಳ ತರಗತಿಯಲ್ಲಿರುತ್ತೇನೆ. ಹಾಗಾಗಿ ನಾನು ಬಲ್ಲ ಒಂದು ಚರಿತ್ರೆಯನ್ನೇ ಬರೆಯುತ್ತೇನೆ: ಗಾಳಿಯಲ್ಲಿ ಕಿಡಿ ಹೇಗೆ ಹುಟ್ಟುತ್ತದೆ ಎಂಬುದನ್ನು ಮನುಷ್ಯರು ತಿಳಿದುಕೊಂಡ ಚರಿತ್ರೆ.

ಇದಕ್ಕೆ ಎರಡು ಕಾರಣಗಳಿವೆ. ಈ ಕಥೆಯ ಅರ್ಧಕ್ಕಿಂತ ಹೆಚ್ಚು ಭಾಗ ನಡೆದದ್ದು ನಾವು ರಜೆಯಲ್ಲಿ ಕಾರಿನಲ್ಲಿ ದಾಟಿ ಹೋಗುವ ಜರ್ಮನಿಯ ಊರುಗಳಲ್ಲಿ: ಮಾಗ್ಡೆಬುರ್ಗ್, ಬಾನ್, ಮ್ಯೂನ್‌ಸ್ಟರ್, ವೊಲ್ಫೆನ್‌ಬ್ಯುಟೆಲ್, ಆಖೆನ್, ಯೇನಾ. ನಮ್ಮ ಮಕ್ಕಳು ಹುಟ್ಟಿ ಬೆಳೆದ ನಾಡಿನ ಚರಿತ್ರೆ ಇದು; ಅದನ್ನು ಅವರಿಗೆ ಕನ್ನಡದಲ್ಲಿ ಹೇಳುವವರು ನಾವಲ್ಲದೆ ಇನ್ಯಾರು? ಎರಡನೆಯ ಕಾರಣ, ಈ ಕಥೆಯ ನಡುವೆ ಒಂದು ಲೆಕ್ಕವಿದೆ. ನಮ್ಮಂಥ ಶಾಲೆ ನಡೆಸುವವರು ಆಗಾಗ ನೆನೆಯಬೇಕಾದ ಲೆಕ್ಕ ಅದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಪ್ರಶ್ನೆ ಸರಳವಾದದ್ದು. ಗಾಳಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಅದು ಅವಾಹಕ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಇಲ್ಲಿನ ಚಳಿಗಾಲದಲ್ಲಿ, ಹೀಟರ್ ಹಾಕಿ ಒಣಗಿದ ಕೋಣೆಯಲ್ಲಿ, ಉಣ್ಣೆಯ ಸ್ವೆಟರ್ ಬಿಚ್ಚುವಾಗ ಚಟಪಟ ಸದ್ದು ಬರುವುದೇಕೆ? ಬಾಗಿಲ ಹಿಡಿಗೆ ಬೆರಳು ತಾಗುವ ಮೊದಲೇ ಚುರ್ರೆನ್ನುವುದೇಕೆ? ಮಲೆನಾಡಿನ ಮಳೆಗಾಲದಲ್ಲಿ ಸಿಡಿಲು ಬಡಿಯುವುದೇಕೆ? ಒಂದು ಕ್ಷಣದ ಹಿಂದೆ ಗೋಡೆಯಂತೆ ಅಡ್ಡ ನಿಂತಿದ್ದ ಗಾಳಿ ಮರುಕ್ಷಣ ತಂತಿಯಂತೆ ದಾರಿ ಬಿಡುತ್ತದೆ. ಎಂಜಿನಿಯರುಗಳು ಇದನ್ನು ಬ್ರೇಕ್‌ಡೌನ್ ಎನ್ನುತ್ತಾರೆ. ಗಾಳಿ ಸೋಲುತ್ತದೆ ಎಂದರೂ ತಪ್ಪಾಗದು. ಆ ಎರಡು ಕ್ಷಣಗಳ ನಡುವೆ ಏನಾಯಿತು ಎಂದು ಕಂಡುಹಿಡಿಯಲು ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಗಾಳಿಯನ್ನು ತೆಗೆದು ನೋಡಿದವರು

ಮೊದಲು ಬೇಕಾದದ್ದು ಗಾಳಿಯನ್ನು ತೆಗೆಯುವ ಉಪಾಯ. ಮಾಗ್ಡೆಬುರ್ಗ್ ನಗರದ ಮೇಯರ್ ಆಗಿದ್ದ ಓಟೊ ಫಾನ್ ಗೆರಿಕೆ 1650ರ ಸುಮಾರಿಗೆ ಗಾಳಿ ಹೀರುವ ಪಂಪು ಮಾಡಿದ. ಎರಡು ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆಯಿಂದ ಕುದುರೆಗಳಿಂದ ಎಳೆಸಿದವನು ಇವನೇ. ಗಂಧಕದ ಉಂಡೆಯನ್ನು ತಿರುಗಿಸಿ ಕೈಯಿಂದ ಉಜ್ಜಿ ವಿದ್ಯುತ್ತಿನ ಆಟಗಳನ್ನೂ ನೋಡಿದ್ದ. ಒಬ್ಬನ ಮನೆಯಲ್ಲೇ ಪಂಪು, ವಿದ್ಯುತ್ತು ಎರಡೂ ಇದ್ದವು, ಆದರೆ ಅವೆರಡನ್ನೂ ಸೇರಿಸಿ ನೋಡಿದ್ದು ಬೇರೆಯವರು.

ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದ ಫ್ರಾನ್ಸಿಸ್ ಹಾಕ್ಸ್‌ಬಿ 1705ರ ಹೊತ್ತಿಗೆ ಗಾಜಿನ ಗೋಳದಿಂದ ಗಾಳಿಯನ್ನು ಹೀರಿ, ಅದನ್ನು ಗಿರಗಿರನೆ ತಿರುಗಿಸಿ, ಮೇಲೆ ಅಂಗೈ ಒತ್ತಿ ಹಿಡಿದ. ಕತ್ತಲ ಕೋಣೆಯಲ್ಲಿ ಗೋಳದೊಳಗೆ ನೇರಳೆ ಬೆಳಕು ತುಂಬಿಕೊಂಡಿತು. ಅದರಲ್ಲಿ ಅಚ್ಚಿನ ಅಕ್ಷರಗಳನ್ನು ಓದಬಹುದಾಗಿತ್ತು. ಗಾಳಿಯನ್ನು ಮತ್ತೆ ಒಳಗೆ ಬಿಟ್ಟಾಗ ಆ ಬೆಳಕು ಹೋಯಿತು. ಗಾಳಿ ದಟ್ಟವಾಗಿದ್ದರೆ ಚಟ್ಟೆನ್ನುವ ಕಿಡಿ, ತೆಳುವಾಗಿದ್ದರೆ ಮೌನವಾದ ಬೆಳಕು. ಎರಡೂ ಒಂದೇ ಸಂಗತಿಯ ಎರಡು ಮುಖಗಳು ಎಂಬ ಸುಳಿವು ಅಲ್ಲೇ ಇತ್ತು, ಆದರೆ ಅದನ್ನು ಬಿಡಿಸುವ ಶಕ್ತಿ ಆ ಕಾಲಕ್ಕೆ ಇರಲಿಲ್ಲ.

ಆಕಾಶದ ಸಿಡಿಲೂ ಇದೇ ಜಾತಿಯದು ಎಂದು 1752ರಲ್ಲಿ ಫ್ರಾನ್ಸಿನಲ್ಲಿ ನಡೆದ ಪ್ರಯೋಗ ತೋರಿಸಿತು. ಅದನ್ನು ಸೂಚಿಸಿದವನು ಬೆಂಜಮಿನ್ ಫ್ರಾಂಕ್ಲಿನ್. ಮರುವರ್ಷವೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗೆಯೋರ್ಗ್ ರಿಖ್‌ಮನ್ ಎಂಬ ವಿಜ್ಞಾನಿ ಇಂಥದೇ ಪ್ರಯೋಗದ ಸಲಕರಣೆಯ ಬಳಿ ನಿಂತಿದ್ದಾಗ ಸಿಡಿಲಿಗೆ ಬಲಿಯಾದ. ಗಾಳಿ ಯಾವಾಗ ಸೋಲುತ್ತದೆ ಎಂಬುದು ಅಂದಿನಿಂದ ಬರೀ ಕುತೂಹಲದ ಪ್ರಶ್ನೆಯಾಗಿ ಉಳಿಯಲಿಲ್ಲ.

ಗಾಜು ಊದುವವನ ಪಾಲು

ಮುಂದಿನ ಹೆಜ್ಜೆಗೆ ನೂರು ವರ್ಷ ಹಿಡಿಯಿತು. ಹಳೆಯ ಪಂಪುಗಳು ಸಾಕಷ್ಟು ಗಾಳಿಯನ್ನು ತೆಗೆಯುತ್ತಿರಲಿಲ್ಲ ಎಂಬುದು ಇದಕ್ಕೆ ಒಂದು ಮುಖ್ಯ ಕಾರಣ. ಲಂಡನ್ನಿನ ಮೈಕೆಲ್ ಫ್ಯಾರಡೆ 1838ರಲ್ಲಿ ತೆಳುಗಾಳಿಯ ಬೆಳಕಿನ ನಡುವೆ ಒಂದು ಕತ್ತಲ ಪಟ್ಟಿ ಇರುವುದನ್ನು ಕಂಡ. ಅದಕ್ಕೆ ಇಂದಿಗೂ ಅವನ ಹೆಸರೇ ಇದೆ. ಅಲ್ಲಿಂದ ಮುಂದೆ ಹೋಗಲು ಒಬ್ಬ ಕುಶಲಕರ್ಮಿ ಬರಬೇಕಾಯಿತು.

ಅವನು ಹೈನ್‌ರಿಖ್ ಗೈಸ್ಲರ್. ಥ್ಯುರಿಂಗಿಯದ ಬೆಟ್ಟದ ಹಳ್ಳಿಯೊಂದರಲ್ಲಿ 1814ರಲ್ಲಿ ಹುಟ್ಟಿ, ಗಾಜು ಊದುವ ಕಸುಬು ಕಲಿತು, ಬಾನ್ ನಗರಕ್ಕೆ ಬಂದು ವಿಜ್ಞಾನಿಗಳಿಗೆ ಉಪಕರಣ ಮಾಡಿಕೊಡುತ್ತಿದ್ದವನು. ಪಿಸ್ಟನ್ನಿನ ಬದಲು ಪಾದರಸವನ್ನೇ ಏರಿಳಿಸಿ ಗಾಳಿ ಹೀರುವ ಪಂಪನ್ನು ಅವನು ಮಾಡಿದ. ಎರಡು ತುದಿಗೂ ಲೋಹದ ತಂತಿ ಬೆಸೆದು ಮುಚ್ಚಿದ ಗಾಜಿನ ಕೊಳವೆಗಳನ್ನು 1857ರಿಂದ ತಯಾರಿಸಿದ. ಒಳಗಿನ ಅನಿಲ ಬದಲಾದಂತೆ ಬಣ್ಣ ಬದಲಾಗುತ್ತಿತ್ತು. ಗೈಸ್ಲರ್ ಕೊಳವೆಗಳು ಯೂರೋಪಿನ ಎಲ್ಲ ಪ್ರಯೋಗಾಲಯಗಳಿಗೂ ಹೋದವು. ಬಾನ್ ವಿಶ್ವವಿದ್ಯಾಲಯ 1868ರಲ್ಲಿ ಈ ಗಾಜಿನ ಕೆಲಸಗಾರನಿಗೆ ಗೌರವ ಡಾಕ್ಟರೇಟ್ ನೀಡಿತು. ಕೈಕೆಲಸವನ್ನೂ ಓದನ್ನೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ, ಅದಕ್ಕೇ ಈ ಸಂಗತಿಯನ್ನು ನಾನು ಮಕ್ಕಳಿಗೆ ಒತ್ತಿ ಹೇಳುತ್ತೇನೆ.

ಬಾನ್‌ನಲ್ಲಿ ಯುಲಿಯುಸ್ ಪ್ಲ್ಯುಕರ್ ಈ ಕೊಳವೆಗಳ ಬಳಿ ಅಯಸ್ಕಾಂತ ಹಿಡಿದು ಬೆಳಕು ಬಾಗುವುದನ್ನು ಕಂಡ. ಅವನ ಶಿಷ್ಯ, ಮ್ಯೂನ್‌ಸ್ಟರ್‌ನ ಹಿಟ್ಟೋರ್ಫ್, ಋಣಾಗ್ರದಿಂದ ಹೊರಟದ್ದೇನೋ ನೇರವಾಗಿ ಸಾಗಿ, ದಾರಿಯಲ್ಲಿಟ್ಟ ವಸ್ತುವಿನ ನೆರಳನ್ನು ಗಾಜಿನ ಮೇಲೆ ಬೀಳಿಸುತ್ತದೆ ಎಂದು 1869ರಲ್ಲಿ ತೋರಿಸಿದ. ಬರ್ಲಿನ್ನಿನ ಗೋಲ್ಡ್‌ಸ್ಟೈನ್ ಅದಕ್ಕೆ ಕ್ಯಾಥೋಡ್ ಕಿರಣ ಎಂದು ಹೆಸರಿಟ್ಟ. ಕೇಂಬ್ರಿಡ್ಜಿನ ಜೆ. ಜೆ. ಥಾಮ್ಸನ್ 1897ರಲ್ಲಿ ಆ ಕಿರಣ ಪರಮಾಣುವಿಗಿಂತ ಬಹಳ ಹಗುರವಾದ ಕಣಗಳ ಸಾಲು ಎಂದು ಅಳೆದು ಹೇಳಿದ. ಅದೇ ಎಲೆಕ್ಟ್ರಾನ್. ಕಿಡಿಯ ಕಥೆಯ ನಾಯಕ ಕೊನೆಗೂ ಸಿಕ್ಕಿದ.

ಪಾಶೆನ್ ಎಳೆದ ಗೆರೆ

ನಾಯಕ ಸಿಗುವ ಎಂಟು ವರ್ಷ ಮೊದಲೇ ಒಬ್ಬ ತರುಣ ಅವನ ಹೆಜ್ಜೆಗುರುತನ್ನು ಅಳೆದಿದ್ದ. ಫ್ರೀಡ್‌ರಿಖ್ ಪಾಶೆನ್ ಆಗ ಜರ್ಮನಿಯ ಆಡಳಿತದಲ್ಲಿದ್ದ ಸ್ಟ್ರಾಸ್‌ಬುರ್ಗ್‌ನಲ್ಲಿ ಡಾಕ್ಟರೇಟ್ ಕೆಲಸ ಮಾಡುತ್ತಿದ್ದ. ಗಾಳಿ, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಈ ಮೂರರಲ್ಲೂ ಬೇರೆ ಬೇರೆ ಒತ್ತಡದಲ್ಲಿ, ಬೇರೆ ಬೇರೆ ಅಂತರದಲ್ಲಿ, ಕಿಡಿ ಹಾರಲು ಎಷ್ಟು ವೋಲ್ಟೇಜ್ ಬೇಕೆಂದು ತಾಳ್ಮೆಯಿಂದ ಅಳೆದು 1889ರಲ್ಲಿ ಪ್ರಕಟಿಸಿದ. ಅವನಿಗೆ ಸಿಕ್ಕ ನಿಯಮ ಇದು: ಒತ್ತಡ ಇಷ್ಟು, ಅಂತರ ಇಷ್ಟು ಎಂದು ಬೇರೆ ಬೇರೆಯಾಗಿ ನೋಡಬೇಕಿಲ್ಲ, ಅವೆರಡರ ಗುಣಲಬ್ಧವೊಂದೇ ಸಾಕು. ಒತ್ತಡವನ್ನು ಅರ್ಧ ಮಾಡಿ ಅಂತರವನ್ನು ಎರಡರಷ್ಟು ಮಾಡಿದರೆ ಅದೇ ವೋಲ್ಟೇಜಿಗೆ ಕಿಡಿ ಹಾರುತ್ತದೆ.

ಏಕೆ ಹೀಗೆ? ಗುಣಲಬ್ಧ ಒಂದೇ ಆಗಿದ್ದರೆ ಎಲೆಕ್ಟ್ರಾನ್ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯಲ್ಲಿ ಸಿಗುವ ಅಣುಗಳ ಸಂಖ್ಯೆಯೂ ಒಂದೇ. ಮುಂದೆ ಬಂದವರು ಈ ಗೆರೆಯನ್ನು ಪೂರ್ತಿಯಾಗಿ ಎಳೆದಾಗ ಅದು ಇಳಿದು ಮತ್ತೆ ಏರುವ ಗೆರೆ ಎಂದು ಕಂಡಿತು. ಅಣುಗಳು ತೀರ ಹೆಚ್ಚಾದರೆ ಎಲೆಕ್ಟ್ರಾನ್ ಸಂತೆಯಲ್ಲಿ ಓಡುವವನಂತೆ ಹೆಜ್ಜೆಗೊಬ್ಬರಿಗೆ ಡಿಕ್ಕಿ ಹೊಡೆಯುತ್ತದೆ, ವೇಗ ಕೂಡಿಬರುವುದೇ ಇಲ್ಲ. ತೀರ ಕಡಿಮೆಯಾದರೆ ವೇಗವೇನೋ ಇರುತ್ತದೆ, ಆದರೆ ಡಿಕ್ಕಿ ಹೊಡೆಯಲು ಯಾರೂ ಇರುವುದಿಲ್ಲ. ನಡುವೆ ಎಲ್ಲೋ ಒಂದು ಕಡೆ ಕಿಡಿ ಅತಿ ಸುಲಭ. ನಾವು ಉಸಿರಾಡುವ ಗಾಳಿಯಲ್ಲಿ ಒಂದು ಸೆಂಟಿಮೀಟರ್ ದಾಟಲು ಸುಮಾರು 30,000 ವೋಲ್ಟ್ ಬೇಕು. ಗೆರೆಯ ತಳದಲ್ಲಿ ಸುಮಾರು 330 ವೋಲ್ಟ್ ಸಾಕು. ಊರಿನಲ್ಲಿ ಎಲೆಕ್ಟ್ರಿಷಿಯನ್ ಜೇಬಿನಲ್ಲಿರುವ ಟೆಸ್ಟರ್‌ನ ಪುಟ್ಟ ಕೆಂಪು ದೀಪ ಮನೆಯ ಕರೆಂಟಿಗೇ ಉರಿಯುವುದು ಅದರೊಳಗಿನ ಅನಿಲವನ್ನು ಇಂಥ ತೆಳು ಒತ್ತಡದಲ್ಲಿ ಇಟ್ಟಿರುವುದರಿಂದ.

ಮೊದಲ ಎಲೆಕ್ಟ್ರಾನ್ ಎಲ್ಲಿಂದ ಬಂತು?

ಒಂದು ತೊಡಕು ಉಳಿದಿತ್ತು. ಓಡಲು ಮೊದಲು ಒಂದು ಎಲೆಕ್ಟ್ರಾನ್ ಬೇಕಲ್ಲ? ಗಾಳಿ ಅವಾಹಕವಾದರೆ ಅದು ಎಲ್ಲಿಂದ ಬರಬೇಕು? ಎಷ್ಟು ಜೋಪಾನವಾಗಿಟ್ಟರೂ ವಿದ್ಯುತ್ ತುಂಬಿದ ವಸ್ತು ನಿಧಾನವಾಗಿ ಖಾಲಿಯಾಗುತ್ತದೆ ಎಂದು ಕೂಲಂಬ್ 1785ರಲ್ಲೇ ಗಮನಿಸಿದ್ದ. ಗಾಳಿ ಎಲ್ಲೋ ಸೋರುತ್ತಿತ್ತು.

ಅದನ್ನು ಬಿಡಿಸಿದವರಲ್ಲಿ ಇಬ್ಬರು ಶಾಲಾ ಮೇಷ್ಟ್ರುಗಳು ಎಂದು ಹೇಳಲು ನನಗೆ ಸಂತೋಷ. ಯುಲಿಯುಸ್ ಎಲ್ಸ್ಟರ್, ಹಾನ್ಸ್ ಗೈಟೆಲ್ ಇಬ್ಬರೂ ವೊಲ್ಫೆನ್‌ಬ್ಯುಟೆಲ್‌ನ ಗಿಮ್ನಾಜಿಯಮ್ಮಿನಲ್ಲಿ ಪಾಠ ಮಾಡುತ್ತಿದ್ದರು. ಪಾಠ ಮುಗಿಸಿ ಮನೆಗೆ ಬಂದು, ಮನೆಯಲ್ಲೇ ಕಟ್ಟಿಕೊಂಡಿದ್ದ ಪ್ರಯೋಗಾಲಯದಲ್ಲಿ ಜೊತೆಯಾಗಿ ಕೆಲಸ ಮಾಡುತ್ತಿದ್ದರು. ಮುಚ್ಚಿದ ಪಾತ್ರೆಯ ಶುದ್ಧ ಗಾಳಿಯಲ್ಲೂ ಸದಾ ಅಯಾನುಗಳು ಹುಟ್ಟುತ್ತಿರುತ್ತವೆ ಎಂದು 1900ರ ಹೊತ್ತಿಗೆ ಅವರು ಕಂಡುಕೊಂಡರು. ಅದೇ ಸಮಯದಲ್ಲಿ ಕೇಂಬ್ರಿಡ್ಜಿನ ಸಿ. ಟಿ. ಆರ್. ವಿಲ್ಸನ್ ಕೂಡ ಸ್ವತಂತ್ರವಾಗಿ ಅದನ್ನೇ ಕಂಡ. ಕಾರಣದ ಒಂದು ಪಾಲು ನೆಲದ ಕಲ್ಲು ಮಣ್ಣಿನಲ್ಲಿರುವ ವಿಕಿರಣ. ಇನ್ನೊಂದು ಪಾಲನ್ನು ಆಸ್ಟ್ರಿಯದ ವಿಕ್ಟರ್ ಹೆಸ್ 1912ರ ಆಗಸ್ಟ್ 7ರಂದು ಬಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೆ ಏರಿ ಕಂಡುಹಿಡಿದ. ಮೇಲೆ ಹೋದಂತೆ ವಿಕಿರಣ ಕಡಿಮೆಯಾಗುವ ಬದಲು ಹೆಚ್ಚಾಯಿತು, ಅದು ಆಕಾಶದಾಚೆಯಿಂದ ಬರುತ್ತಿತ್ತು. ವಿಶ್ವಕಿರಣಗಳ ಈ ಶೋಧಕ್ಕೆ 1936ರಲ್ಲಿ ಅವನಿಗೆ ನೊಬೆಲ್ ಬಂತು.

ನಿಮ್ಮ ಬಾಗಿಲ ಹಿಡಿಯ ಬಳಿಯ ಪುಟ್ಟ ಕಿಡಿಗೂ ಮೊದಲ ಕಣವನ್ನು ಒದಗಿಸುವುದು ನೆಲದ ಕಲ್ಲೋ ದೂರದ ನಕ್ಷತ್ರವೋ ಇರಬಹುದು. ಅದು ಸರಿಯಾದ ಜಾಗದಲ್ಲಿ ಬರುವ ತನಕ, ವೋಲ್ಟೇಜ್ ಎಷ್ಟೇ ಸಾಕಷ್ಟಿದ್ದರೂ, ಕಿಡಿ ಕಾಯುತ್ತದೆ. ಈ ಕಾಯುವ ಕಾಲವನ್ನು 1920ರ ದಶಕದಲ್ಲಿ ತ್ಸೂಬರ್ ಅಳೆದ, ಮಾಕ್ಸ್ ಫಾನ್ ಲೌವೆ ಅದರ ಗಣಿತವನ್ನು ಬರೆದ. ಪ್ರತಿ ಸಲವೂ ಅದು ಬೇರೆ. ಸರಾಸರಿ ಹೇಳಬಹುದು, ಈ ಸಲ ಎಷ್ಟು ಹೊತ್ತು ಎಂದು ಹೇಳಲಾಗದು.

ಟೌನ್‌ಸೆಂಡ್‌ನ ಲೆಕ್ಕ

ಈಗ ಕಥೆಯ ನಡುಮನೆಗೆ ಬಂದೆವು. ಜಾನ್ ಟೌನ್‌ಸೆಂಡ್ ಐರ್ಲೆಂಡಿನ ಗಾಲ್ವೇಯವನು. 1895ರಲ್ಲಿ ಕೇಂಬ್ರಿಡ್ಜಿಗೆ ಬಂದು ಥಾಮ್ಸನ್ ಬಳಿ ಕೆಲಸ ಮಾಡಿ, 1900ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾದ. ಎದುರುಬದುರಾಗಿ ಎರಡು ಲೋಹದ ತಟ್ಟೆಗಳು, ನಡುವೆ ಅನಿಲ. ಋಣಾಗ್ರದ ತಟ್ಟೆಯ ಮೇಲೆ ನೇರಳಾತೀತ ಬೆಳಕು ಬೀಳಿಸಿದರೆ ಅಲ್ಲಿಂದ ಒಂದಿಷ್ಟು ಎಲೆಕ್ಟ್ರಾನುಗಳು ಹೊರಡುತ್ತವೆ, ಸಣ್ಣ ಕರೆಂಟು ಹರಿಯುತ್ತದೆ. ವೋಲ್ಟೇಜ್ ಏರಿಸುತ್ತ ಹೋದಾಗ ಒಂದು ಹಂತದಲ್ಲಿ ಕರೆಂಟು ತೀವ್ರವಾಗಿ ಬೆಳೆಯತೊಡಗಿತು. ತಟ್ಟೆಗಳ ಅಂತರ ಹೆಚ್ಚಿಸಿದಂತೆಲ್ಲ ಬಡ್ಡಿ ಚಕ್ರಬಡ್ಡಿಯಂತೆ ಏರಿತು.

ಟೌನ್‌ಸೆಂಡ್ ಕಾರಣ ಹೇಳಿದ: ಓಡುವ ಎಲೆಕ್ಟ್ರಾನ್ ಸಾಕಷ್ಟು ಬಲ ಕೂಡಿಸಿಕೊಂಡು ಒಂದು ಅಣುವಿಗೆ ಬಡಿದರೆ ಅದರಿಂದ ಇನ್ನೊಂದು ಎಲೆಕ್ಟ್ರಾನ್ ಕಿತ್ತು ಬರುತ್ತದೆ. ಈಗ ಎರಡು. ಅವೆರಡೂ ಬಡಿದರೆ ನಾಲ್ಕು, ಆಮೇಲೆ ಎಂಟು. ಚದುರಂಗದ ಮನೆಗಳಲ್ಲಿ ಅಕ್ಕಿಕಾಳನ್ನು ಇಮ್ಮಡಿಸುತ್ತ ಇಡುವ ಕಥೆ ನೆನಪಿದೆಯಲ್ಲ? 27 ಸಲ ಇಮ್ಮಡಿಸಿದರೆ ಒಂದು ಎಲೆಕ್ಟ್ರಾನ್ ಹದಿಮೂರು ಕೋಟಿ ದಾಟುತ್ತದೆ.

ಇದಕ್ಕೆ ಇಂಗ್ಲಿಷಿನಲ್ಲಿ ಅವಲಾಂಚ್, ಜರ್ಮನ್‌ನಲ್ಲಿ ಲಾವೀನೆ ಎನ್ನುತ್ತಾರೆ. ಕನ್ನಡದ ವಿಜ್ಞಾನ ಬರಹಗಳಲ್ಲಿ ಹಿಮಪಾತ ಎಂದು ನೋಡಿದ್ದೆ. ದೊಡ್ಡ ಮಕ್ಕಳ ತರಗತಿಯಲ್ಲಿ ಒಮ್ಮೆ ಹಾಗೆಂದು ಬೋರ್ಡಿನ ಮೇಲೆ ಬರೆದಾಗ ಒಬ್ಬಳು ಹುಡುಗಿ ಕೈ ಎತ್ತಿದಳು. "ಆಂಟಿ, ಹಿಮಪಾತ ಅಂದ್ರೆ ಬರೀ ಸ್ನೋ ಬೀಳೋದಲ್ವಾ? ಅದು ನಮ್ಮ ಕಿಟಕಿ ಹೊರಗೂ ಬೀಳತ್ತೆ. ಲಾವೀನೆ ಅಂದ್ರೆ ಗುಡ್ಡಾನೇ ಜಾರೋದು." ಸರಿ, ಹಾಗಾದರೆ ಏನು ಹೇಳೋಣ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಕೊಡಗಿನಲ್ಲಿ ಆಯ್ತಲ್ಲ, ಅಜ್ಜಿ ಮನೆ ಟಿವಿಯಲ್ಲಿ ಭೂಕುಸಿತ ಅಂತಿದ್ರು. ಹಾಗಾದ್ರೆ ಇದು ಹಿಮಕುಸಿತ" ಎಂದಳು. ಆ ಪದ ಪತ್ರಿಕೆಗಳಲ್ಲಿ ಈಗಾಗಲೇ ಇದೆ. ಅವಳು ಅದನ್ನು ಎಲ್ಲೂ ಓದಿರಲಿಲ್ಲ, ಅಜ್ಜಿಯ ಮನೆಯಲ್ಲಿ ಕೇಳಿದ ಒಂದು ಪದದಿಂದ ತಾನೇ ಕಟ್ಟಿಕೊಂಡಿದ್ದಳು. ಅಂದಿನಿಂದ ನಮ್ಮ ತರಗತಿಯಲ್ಲಿ ಅದು ಎಲೆಕ್ಟ್ರಾನ್ ಹಿಮಕುಸಿತ.

ಆದರೆ ಹಿಮಕುಸಿತ ಒಂದರಿಂದಲೇ ಕಿಡಿ ಆಗುವುದಿಲ್ಲ. ಟೌನ್‌ಸೆಂಡ್‌ನ ಸಿದ್ಧಾಂತದ ತಿರುಳು ಇರುವುದು ಇಲ್ಲಿ. ಕೋಟಿಗಟ್ಟಲೆ ಎಲೆಕ್ಟ್ರಾನುಗಳು ಎದುರಿನ ತಟ್ಟೆ ಸೇರಿದವೆನ್ನಿ, ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ಹೊರಗಿನ ಬೆಳಕು ಮತ್ತೆ ಹೊಸ ಎಲೆಕ್ಟ್ರಾನುಗಳನ್ನು ಕಳಿಸಿದರೆ ಮತ್ತೊಂದು ಕುಸಿತ. ಬೆಳಕನ್ನು ಆರಿಸಿದರೆ ಎಲ್ಲವೂ ನಿಲ್ಲುತ್ತದೆ. ಕರೆಂಟು ಎಷ್ಟೇ ದೊಡ್ಡದಿರಲಿ, ಅದು ಪರಾವಲಂಬಿ.

ಅದು ಸ್ವಾವಲಂಬಿ ಆಗಬೇಕಾದರೆ ಏನೋ ಒಂದು ಹಿಂದಕ್ಕೆ ಬರಬೇಕು. ಎಲೆಕ್ಟ್ರಾನ್ ಕಳೆದುಕೊಂಡ ಅಣುಗಳು ಧನ ಅಯಾನುಗಳಾಗಿ ನಿಧಾನವಾಗಿ ಹೊರಟ ಕಡೆಗೇ ತೆವಳುತ್ತವೆ, ಋಣಾಗ್ರಕ್ಕೆ ಬಡಿದು ಅಲ್ಲಿಂದ ಹೊಸ ಎಲೆಕ್ಟ್ರಾನನ್ನು ಹೊರಡಿಸುತ್ತವೆ. ಬಡಿದ ಪ್ರತಿ ಅಯಾನೂ ಇದನ್ನು ಮಾಡುವುದಿಲ್ಲ. ಲೋಹ, ಅನಿಲ ಯಾವುದು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ನೂರಕ್ಕೆ ಒಂದು ಎಂದುಕೊಳ್ಳೋಣ. ಹಾಗಿದ್ದಲ್ಲಿ ಮೊದಲ ಎಲೆಕ್ಟ್ರಾನ್ ದಾರಿಯುದ್ದಕ್ಕೂ ನೂರು ಅಯಾನುಗಳನ್ನಾದರೂ ಮಾಡಿರಬೇಕು. ಆಗ ಅದು ಹೊರಟ ಜಾಗದಿಂದ ಅದರ ಬದಲಿಗೆ ಇನ್ನೊಂದು ಹೊರಡುತ್ತದೆ. ಒಂದಕ್ಕೆ ಒಂದು. ಅದೇ ಹೊಸ್ತಿಲು. ಇದಕ್ಕಿಂತ ಒಂದು ಚೂರು ಕಡಿಮೆಯಾದರೂ ಪ್ರತಿ ತಲೆಮಾರಿಗೆ ಕಣಗಳು ಕಡಿಮೆಯಾಗುತ್ತ ಹೋಗಿ ಎಲ್ಲವೂ ಆರಿಹೋಗುತ್ತದೆ. ಒಂದು ಚೂರು ಹೆಚ್ಚಾದರೂ ಹೊರಗಿನ ದೀಪದ ಹಂಗಿಲ್ಲ. ಗಾಳಿ ಸೋತಿತು ಎಂದು ನಾವು ಹೇಳುವುದು ಆ ಹೊಸ್ತಿಲು ದಾಟಿದಾಗ.

ಅವಸರದ ಕಿಡಿ

1920ರ ದಶಕದಲ್ಲಿ ವೇಗವಾದ ಆಸಿಲೋಗ್ರಾಫ್‌ಗಳು ಬಂದ ಮೇಲೆ ಆಖೆನ್‌ನ ವಾಲ್ಟರ್ ರೊಗೋವ್‌ಸ್ಕಿ ಮತ್ತಿತರರು ಒಂದು ಆಕ್ಷೇಪ ತಂದರು. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಒಂದು ಸೆಂಟಿಮೀಟರ್ ದಾಟಲು ಅಯಾನಿಗೆ ಹತ್ತಾರು ಮೈಕ್ರೋಸೆಕೆಂಡ್ ಬೇಕು. ವೋಲ್ಟೇಜ್ ಸ್ವಲ್ಪ ಹೆಚ್ಚಿಟ್ಟರೆ ಕಿಡಿ ಅದರ ನೂರನೆಯ ಪಾಲು ಹೊತ್ತಿನಲ್ಲೇ ಮುಗಿದುಹೋಗುತ್ತದೆ. ಅಯಾನು ಋಣಾಗ್ರಕ್ಕೆ ಮರಳಿ ಹೊಸಬರನ್ನು ಕಳಿಸಲು ಸಮಯವೆಲ್ಲಿ?

ಉತ್ತರ ಎರಡು ಕಡೆಯಿಂದ ಹೆಚ್ಚುಕಡಿಮೆ ಒಟ್ಟಿಗೆ ಬಂತು. ಯೇನಾದಲ್ಲಿ ಹೈನ್ಸ್ ರೇಟರ್ ಕ್ಲೌಡ್ ಚೇಂಬರಿನಲ್ಲಿ ಒಂದೊಂದೇ ಹಿಮಕುಸಿತದ ಫೋಟೋ ತೆಗೆದ. ಎಲೆಕ್ಟ್ರಾನುಗಳ ದುಂಡು ತಲೆ, ಹಿಂದೆ ಅಯಾನುಗಳ ಬಾಲ, ಆ ಹಾದಿಯ ಉದ್ದಕ್ಕೂ ಸಣ್ಣ ಹನಿಗಳು. ತಲೆಯಲ್ಲಿ ಎಲೆಕ್ಟ್ರಾನುಗಳ ಸಂಖ್ಯೆ ಸುಮಾರು ಹತ್ತು ಕೋಟಿ ಮುಟ್ಟಿದಾಗ ಎಲ್ಲವೂ ಬದಲಾಗುತ್ತದೆ ಎಂದು 1939ರಲ್ಲಿ ಬರೆದ. ಅಮೆರಿಕದ ಬರ್ಕ್ಲಿಯಲ್ಲಿ ಲಿಯೊನಾರ್ಡ್ ಲೋಬ್ ಮತ್ತು ಅಲ್ಲಿಗೆ ಇಂಗ್ಲೆಂಡಿನಿಂದ ಬಂದಿದ್ದ ಜಾನ್ ಮೀಕ್ 1940ರಲ್ಲಿ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು. ಯೂರೋಪಿನಲ್ಲಿ ಯುದ್ಧ ಆರಂಭವಾಗಿದ್ದ ಕಾಲ ಅದು.

ಅಷ್ಟು ಕಣಗಳು ಒಂದೆಡೆ ಸೇರಿದಾಗ ಅವುಗಳ ಸ್ವಂತ ವಿದ್ಯುತ್ ಕ್ಷೇತ್ರವೇ ಹೊರಗಿನಿಂದ ಕೊಟ್ಟ ಕ್ಷೇತ್ರಕ್ಕೆ ಸಮನಾಗುತ್ತದೆ. ಅಲ್ಲಿಂದ ಹೊಮ್ಮುವ ಬೆಳಕು ಪಕ್ಕದ ಗಾಳಿಯಲ್ಲೇ ಹೊಸ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ, ಅವು ಹೊಸ ಕುಸಿತಗಳಾಗಿ ಬಂದು ಮೊದಲನೆಯದಕ್ಕೆ ಕೂಡಿಕೊಳ್ಳುತ್ತವೆ. ಋಣಾಗ್ರದ ತನಕ ಮರಳಿ ಹೋಗಬೇಕಿಲ್ಲ. ಹೊಳೆಯುವ ಸಣ್ಣ ಎಳೆಯೊಂದು ಮಿಂಚಿನ ವೇಗದಲ್ಲಿ ದಾರಿ ಕೊರೆಯುತ್ತದೆ. ಇದಕ್ಕೆ ಸ್ಟ್ರೀಮರ್ ಎಂದು ಹೆಸರು. ಇದರಿಂದ ಟೌನ್‌ಸೆಂಡ್ ಸುಳ್ಳಾಗಲಿಲ್ಲ. ಒತ್ತಡ, ಅಂತರ ಸಣ್ಣದಿದ್ದ ಕಡೆ ಅವನ ಲೆಕ್ಕ ಇಂದಿಗೂ ನಿಲ್ಲುತ್ತದೆ. ದೊಡ್ಡ ಅಂತರದಲ್ಲಿ, ದಟ್ಟ ಗಾಳಿಯಲ್ಲಿ ಸ್ಟ್ರೀಮರ್. ದಾರಿ ಬೇರೆಯಾದರೂ ಎರಡರಲ್ಲೂ ಷರತ್ತು ಒಂದೇ: ಹೋದದ್ದು ಹೊಸದನ್ನು ಹುಟ್ಟಿಸಿರಬೇಕು.

ಕಾವೇರಿಯ ತಂತಿಗಳು

ಈ ಜ್ಞಾನವೆಲ್ಲ ಯಾರ ಮನೆಗೆ ಬಂತು ಎಂದು ಕೇಳಿದರೆ, ನಮ್ಮೆಲ್ಲರ ಮನೆಗೂ. 1891ರಲ್ಲಿ ನೆಕ್ಕಾರ್ ನದಿಯ ಲೌಫೆನ್‌ನಿಂದ ಫ್ರಾಂಕ್‌ಫರ್ಟಿನ ಪ್ರದರ್ಶನಕ್ಕೆ 175 ಕಿಲೋಮೀಟರ್ ದೂರ ವಿದ್ಯುತ್ ಹರಿಸಿ ತೋರಿಸಲಾಯಿತು. ಅದರ ಹಿಂದೆ ನಿಂತವರಲ್ಲಿ ಮುಖ್ಯನಾದ ಓಸ್ಕರ್ ಫಾನ್ ಮಿಲ್ಲರ್ ಮುಂದೆ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಸ್ಥಾಪಿಸಿದ. ಹನ್ನೊಂದೇ ವರ್ಷದ ನಂತರ, 1902ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೊಂಡ ಯೋಜನೆಯಂತೆ, ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟು ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಆ ತಂತಿಗಳಿಗೆ ಹೊದಿಕೆ ಇರಲಿಲ್ಲ, ಇಂದಿನ ದೊಡ್ಡ ಲೈನುಗಳಿಗೂ ಇಲ್ಲ. ಅವುಗಳನ್ನು ಕಾಯುವುದು ಸುತ್ತಲಿನ ಗಾಳಿ. ತಂತಿಯಿಂದ ತಂತಿಗೆ ಎಷ್ಟು ದೂರವಿಡಬೇಕು ಎಂಬುದು ಗಾಳಿ ಎಲ್ಲಿ ಸೋಲುತ್ತದೆ ಎಂಬ ಪ್ರಶ್ನೆಯೇ.

ಊರ ನಡುವೆ ಅಷ್ಟು ಜಾಗವಿಲ್ಲದ ಕಡೆ ಸ್ವಿಚ್‌ಗಳನ್ನು ಗಂಧಕದ ಹೆಕ್ಸಾಫ್ಲೋರೈಡ್ ಎಂಬ ಅನಿಲ ತುಂಬಿದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದು ಓಡುವ ಎಲೆಕ್ಟ್ರಾನನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಹಿಮಕುಸಿತ ಬೆಳೆಯಲು ಬಿಡುವುದಿಲ್ಲ. ಆದರೆ ಸೋರಿದರೆ ಅದು ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮಿಗಿಲು. ಯೂರೋಪಿನ ಕಾನೂನು ಹೊಸ ಸ್ವಿಚ್‌ಗಳಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸುತ್ತಿದೆ. ಬದಲಿಗೆ ಏನು ತುಂಬಬೇಕು ಎಂಬುದೇ ನನ್ನಂಥವರ ಇಂದಿನ ಕೆಲಸ. ಪಾಶೆನ್ ಎಳೆದ ಗೆರೆಯನ್ನು ನಾವು ಈಗಲೂ ಹೊಸ ಹೊಸ ಅನಿಲಗಳಿಗೆ ಎಳೆಯುತ್ತಿದ್ದೇವೆ. ನಮ್ಮ ಪದವೀಧರ ಮಕ್ಕಳಲ್ಲಿ ಯಾರಾದರೂ ಮುಂದೆ ಅದನ್ನು ಎಳೆಯಬಹುದು.

ಒಂದಕ್ಕೆ ಒಂದು

ಇನ್ನು ನಾನು ಮೊದಲು ಹೇಳಿದ ಲೆಕ್ಕ. ಮಕ್ಕಳು ಎಲೆಕ್ಟ್ರಾನುಗಳಲ್ಲ, ಈ ಹೋಲಿಕೆಯನ್ನು ಬಹಳ ದೂರ ಎಳೆಯುವುದು ಸರಿಯಲ್ಲ. ಆದರೂ ಪ್ರತಿ ವರ್ಷ ಹಾಜರಿ ಪುಸ್ತಕ ತೆರೆದಾಗ ನನಗೆ ಟೌನ್‌ಸೆಂಡ್‌ನ ದೀಪ ನೆನಪಾಗುತ್ತದೆ.

ಈ ನಾಡಿನಲ್ಲಿ ನಮ್ಮ ಮಕ್ಕಳ ಕನ್ನಡಕ್ಕೆ ಹೊರಗಿನ ದೀಪ ನಾವು. ಊಟಕ್ಕೆ ಕೂತಾಗ "ಕನ್ನಡದಲ್ಲಿ ಹೇಳು ಪುಟ್ಟಾ" ಎನ್ನುವ ಅಮ್ಮ, ಶನಿವಾರದ ನಿದ್ದೆ ಬಿಟ್ಟು ಮಗುವನ್ನು ತರಗತಿಗೆ ಬಿಡುವ ಅಪ್ಪ, ವಾರಕ್ಕೊಮ್ಮೆ ವಿಡಿಯೋದಲ್ಲಿ ಮಾತಾಡುವ ಅಜ್ಜಿ ತಾತ, ಸಂಬಳವಿಲ್ಲದೆ ಪಾಠ ಮಾಡುವ ಶಿಕ್ಷಕರು. ದೀಪ ಉರಿಯುವವರೆಗೆ ಕರೆಂಟು ಹರಿಯುತ್ತದೆ. ಸಭಾಂಗಣ ತುಂಬುತ್ತದೆ, ನಾಟಕ ಆಗುತ್ತದೆ, ಪ್ರಮಾಣಪತ್ರಗಳನ್ನು ಕೊಡುತ್ತೇವೆ. ಆದರೆ ಹದಿನೆಂಟು ತುಂಬಿದ ಮಗು ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಹೋದ ದಿನ ಆ ದೀಪ ಆರುತ್ತದೆ. ಆಮೇಲೂ ಏನಾದರೂ ಹರಿಯುತ್ತಿದೆಯೇ? ಶಾಲೆ ಹೊಸ್ತಿಲು ದಾಟಿತೋ ಇಲ್ಲವೋ ಎಂದು ಅಳೆಯಬೇಕಾದದ್ದು ಅಲ್ಲಿ. ಸಭಾಂಗಣದ ಜನರನ್ನು ಎಣಿಸಿದರೆ ಅದು ತಿಳಿಯುವುದಿಲ್ಲ.

ಟೌನ್‌ಸೆಂಡ್ ಕೇಳಿದ್ದು ಬಹಳ ದೊಡ್ಡದೇನಲ್ಲ. ಬಡಿದ ನೂರರಲ್ಲಿ ತೊಂಬತ್ತೊಂಬತ್ತು ಏನನ್ನೂ ಹೊರಡಿಸದಿದ್ದರೂ ಅವನ ಲೆಕ್ಕ ಕೂಡುತ್ತದೆ. ನಾವು ಕಲಿಸಿದ ನೂರು ಪದಗಳಲ್ಲಿ ತೊಂಬತ್ತೊಂಬತ್ತು ಮರೆತುಹೋಗಲಿ. ಒಂದು ಪದ ನಮ್ಮ ಒತ್ತಾಯವಿಲ್ಲದೆ ತಮ್ಮನಿಗೋ, ಗೆಳತಿಗೋ, ಮುಂದೊಂದು ದಿನ ತನ್ನ ಮಗುವಿಗೋ ಹೋಗಿ, ಅಲ್ಲಿಂದ ಹೊಸ ಮಾತೊಂದನ್ನು ಹೊರಡಿಸಿದರೆ ಸಾಕು. ಅದಕ್ಕಾಗಿ ನಾವು ಪಾಠದ ವೇಳೆಯಲ್ಲಿ ಸ್ವಲ್ಪ ಜಾಗ ಬಿಡಬೇಕು. ದೊಡ್ಡ ಮಕ್ಕಳಿಗೆ ಪುಟ್ಟ ಮಕ್ಕಳ ತರಗತಿಯಲ್ಲಿ ಅರ್ಧ ಗಂಟೆ ಕೊಡೋಣ. ತಿದ್ದುವ ಮೊದಲು ಅವರು ಕಟ್ಟಿದ ಪದವನ್ನು ಕೇಳೋಣ. ಅವರಿಗೆ ಇಷ್ಟವಾದ ವಿಷಯವನ್ನು, ಅದು ಫುಟ್‌ಬಾಲ್ ಇರಲಿ ಭೌತಶಾಸ್ತ್ರ ಇರಲಿ, ಕನ್ನಡದಲ್ಲಿ ನಮಗೆ ವಿವರಿಸಲು ಹೇಳೋಣ. ಮುಂದಿನ ವರ್ಷದ ಪಾಠಪಟ್ಟಿ ಮಾಡುವಾಗ ಶಿಕ್ಷಕ ಬಂಧುಗಳು ಇದನ್ನು ಪರಿಗಣಿಸಬೇಕೆಂದು ನನ್ನ ವಿನಂತಿ.

ಎಷ್ಟು ದಿನ ಕಾಯಬೇಕು ಎಂದು ಕೇಳಬೇಡಿ. ಲೌವೆಯ ಗಣಿತದಲ್ಲೂ ಅದಕ್ಕೆ ಸರಾಸರಿಯ ಉತ್ತರ ಮಾತ್ರ ಇದೆ. ಆದರೆ ವೋಲ್ಟೇಜ್ ಇಳಿಸಿದರೆ ಕಾದದ್ದೂ ವ್ಯರ್ಥ ಎಂಬುದಂತೂ ನಿಜ. ಶನಿವಾರದ ತರಗತಿ, ಮನೆಯ ಮಾತು ಎರಡನ್ನೂ ನಿಲ್ಲಿಸದಿರೋಣ.

ಈ ವರ್ಷ ಪದವಿ ಪಡೆಯುತ್ತಿರುವ ಎಲ್ಲ ಮಕ್ಕಳಿಗೂ, ಅವರನ್ನು ಇಲ್ಲಿಯ ತನಕ ಕರೆತಂದ ಪೋಷಕರಿಗೂ ಶಿಕ್ಷಕರಿಗೂ ನನ್ನ ಹೃತ್ಪೂರ್ವಕ ಅಭಿನಂದನೆಗಳು. ಮಕ್ಕಳೇ, ಸೆಪ್ಟೆಂಬರಿನಲ್ಲಿ ಪುಟ್ಟ ಮಕ್ಕಳ ತರಗತಿಗೆ ಕೈಜೋಡಿಸಲು ಯಾರು ಬರುತ್ತೀರಿ ಎಂದು ಕೇಳುವವಳಿದ್ದೇನೆ. ಒಬ್ಬರು ಬಂದರೂ ಲೆಕ್ಕ ಸರಿಹೋಗುತ್ತದೆ.